ವಾರ್‌ಲಾಕ್‌ನ ‘ಟ್ರಯಂಫ್ ಆ್ಯಂಡ್ ಅಗನಿ’ (1987): ಇದು ಬ್ಯಾಂಡಿನ ಆಲ್ಬಮ್ಮಾ, ಡೋರೊ ಒಬ್ಬಳದ್ದಾ?

ಕಬ್ಬಿಣದ ಕಡಲೆ
ಮೊನ್ನೆ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ನನ್ನ ಹಳೇ ಕ್ಯಾಸೆಟ್ ಸಿಕ್ಕಿತು, ಜರ್ಮನಿಯ ಹೆವಿ ಮೆಟಲ್ ಬ್ಯಾಂಡ್ ವಾರ್‌ಲಾಕ್‌ನ ‘ಟ್ರಯಂಫ್ ಆ್ಯಂಡ್ ಅಗನಿ’. ಅಂಗಡಿಯಿಂದ ತಂದಿದ್ದಲ್ಲ. ಕುವೈತಿನಲ್ಲಿದ್ದ ದೊಡ್ಡಪ್ಪನ ಮಗ 1989ರಲ್ಲಿ ರಜೆಗೆ ಬಂದಾಗ ಟಿಡಿಕೆ ಟೇಪಿಗೆ ಹಾಕಿಕೊಟ್ಟಿದ್ದು. ಕಾರ್ಡಿನ ಮೇಲೆ ಅವನದೇ ಕೋಳಿ ಕಾಲಿನ ಅಕ್ಷರದಲ್ಲಿ ಹತ್ತು ಹಾಡಿನ ಹೆಸರು, ಕೆಳಗೆ ಐದು ಜನರ ಹೆಸರು.

ಆ ಐದು ಹೆಸರು ನೋಡ್ತಾ ಕೂತಾಗ ತಲೆಗೆ ಹುಳ ಬಿಟ್ಟುಕೊಂಡೆ. 1984ರ ಮೊದಲ ಆಲ್ಬಮ್ ‘ಬರ್ನಿಂಗ್ ದ ವಿಚಸ್’ನಲ್ಲಿ ಇದ್ದಿದ್ದು ಹಾಡುಗಾರ್ತಿ ಡೋರೊ ಪೆಶ್, ರೂಡಿ ಗ್ರಾಫ್, ಪೀಟರ್ ಸಿಗೆಟಿ, ಫ್ರಾಂಕ್ ರಿಟೆಲ್, ಮಿಖಾಯೆಲ್ ಒಯ್ರಿಶ್. ಮೂರೇ ವರ್ಷ ಕಳೆದು ಈ ನಾಲ್ಕನೇ ಆಲ್ಬಮ್ ಬರುವ ಹೊತ್ತಿಗೆ ಉಳಿದವರು ಇಬ್ಬರೇ: ಡೋರೊ, ಡ್ರಮ್ಮರ್ ಒಯ್ರಿಶ್. ಗಿಟಾರಿನ ನಿಕೊ ಅರ್ವಾನಿಟಿಸ್ ಮೂರನೇ ಆಲ್ಬಮ್ ‘ಟ್ರೂ ಆ್ಯಸ್ ಸ್ಟೀಲ್’ ಹೊತ್ತಿಗೆ ಬಂದವನು. ಗಿಟಾರಿನ ಟಾಮಿ ಬೋಲನ್, ಬೇಸ್ ಗಿಟಾರಿನ ಟಾಮಿ ಹೆನ್ರಿಕ್‌ಸನ್ ಇಬ್ಬರೂ ಅಮೆರಿಕದವರು, ಹೊಸಬರು. ರೆಕಾರ್ಡಿಂಗ್ ನ್ಯೂಯಾರ್ಕಿನಲ್ಲಿ. ನಿರ್ಮಾಪಕ ಜೋಯಿ ಬೇಲಿನ್, ಡೋರೊ ಜೊತೆ ಹಾಡುಗಳನ್ನು ಬರೆದವನೂ ಅವನೇ.

ಹಾಗಿದ್ದ ಮೇಲೆ ಇದನ್ನ ವಾರ್‌ಲಾಕ್ ಆಲ್ಬಮ್ ಅಂತ ಯಾಕೆ ಕರೀಬೇಕು? ಡೋರೊಳ ಮೊದಲ ಸೋಲೋ ಆಲ್ಬಮ್ ಇದೇ, ಹೊರಗೆ ಬೋರ್ಡ್ ಮಾತ್ರ ಹಳೇದು ಅಂತ ನನ್ನ ವಾದ. ಬೈಯೋರು ಬೈಯಬಹುದು.

ಡಬಲ್ ಬೇಸ್ ದೊಡ್ಡಯ್ಯ
ಬೈಯೋಕೇ ಬಂದಿದೀನಿ ಗುರು. ಆಳು ಬದಲಾದ ಮಾತ್ರಕ್ಕೆ ಬ್ಯಾಂಡ್ ಸತ್ತೋಗುತ್ತಾ? ಹಂಗಂದ್ರೆ ಐರನ್ ಮೇಡನ್ ಬ್ಯಾಂಡ್ ಕಟ್ಟಿದ ಮೊದಲ ತಂಡದಲ್ಲಿ ಉಳಿದಿರೋದು ಸ್ಟೀವ್ ಹ್ಯಾರಿಸ್ ಒಬ್ಬ. ಅದನ್ನ ಸ್ಟೀವ್ ಹ್ಯಾರಿಸ್ ಸೋಲೋ ಅಂತೀಯಾ?

ಕಬ್ಬಿಣದ ಕಡಲೆ
ಕೆಲವರು ಅನ್ನೋದೂ ಉಂಟು :)

ಥ್ರ್ಯಾಶ್ ತಮ್ಮಣ್ಣ
ಮೇಡನ್ ಹೋಲಿಕೆ ಇಲ್ಲಿ ನಿಲ್ಲಲ್ಲ ದೊಡ್ಡಯ್ಯ. ಅಲ್ಲಿ ಹ್ಯಾರಿಸ್ ಬರೀತಾನೆ, ಬೇಸ್ ನುಡಿಸ್ತಾನೆ, ಬ್ಯಾಂಡಿನ ಯಜಮಾನನೂ ಅವನೇ. ಇಲ್ಲಿ ‘ಟ್ರೂ ಆ್ಯಸ್ ಸ್ಟೀಲ್’ ಆದಮೇಲೆ ಸಿಗೆಟಿ, ರಿಟೆಲ್ ಇಬ್ಬರೂ ಎದ್ದು ಹೋಗಿ ಜರ್ಮನ್ ಹಾಡುಗಾರ ಉಡೊ ಡಿರ್ಕ್‌ಶ್ನೈಡರ್ ಬ್ಯಾಂಡ್ ಸೇರಿದ್ರು. ಅದೇ 1987ರಲ್ಲಿ ಬಂದ ಅವರ ಆಲ್ಬಮ್ ‘ಅನಿಮಲ್ ಹೌಸ್’ ತೆಗೆದು ನೋಡು, ಇಬ್ಬರೂ ಇದ್ದಾರೆ. ಹಳೇ ವಾರ್‌ಲಾಕ್‌ನ ಅರ್ಧ ಮೈ ಅಲ್ಲಿದೆ, ದನಿ ಮಾತ್ರ ನ್ಯೂಯಾರ್ಕಿನಲ್ಲಿದೆ.

ಇನ್ನೊಂದು ಸಾಕ್ಷಿ. ಒಯ್ರಿಶ್ ಬ್ಯಾಂಡಿನಲ್ಲಿ ಇರುವಾಗಲೇ ಕೆಲವು ಹಾಡಿಗೆ ಕೋಝಿ ಪವೆಲ್ ಕರೆಸಿ ಡ್ರಮ್ಸ್ ಬಾರಿಸಿದ್ದಾರೆ. ರೇನ್‌ಬೋ, ವೈಟ್‌ಸ್ನೇಕ್ ಬ್ಯಾಂಡುಗಳನ್ನ ಕಂಡ ಕೈ ಅದು, ಬಾರಿಸಿದ್ದರಲ್ಲಿ ತಪ್ಪೇನಿಲ್ಲ. ಆದರೆ ಮನೆಯಲ್ಲಿ ಅಡುಗೆಯವನಿದ್ದೂ ಹೊರಗಿಂದ ಭಟ್ಟರನ್ನ ಕರೆಸಿದ್ರೆ ಮನೆಯವನಿಗೆ ಹೆಂಗನ್ಸುತ್ತೆ?

ಹುಬ್ಬಳ್ಳಿ ಹೆಡ್‌ಬ್ಯಾಂಗರ್
ಊಟ ಛಲೋ ಆಗಿತ್ತಿಲ್ಲೋ? ಅದನ್ನ ಹೇಳ್ರಿ ಮೊದಲ.

ರೈನ್ ತೀರದ ರಂಗ
ಡ್ಯೂಸೆಲ್‌ಡಾರ್ಫಿಂದ ನಮಸ್ಕಾರ. ಹನ್ನೊಂದು ವರ್ಷದಿಂದ ಇಲ್ಲೇ ಇದೀನಿ. ಡೋರೊ ಹುಟ್ಟಿದ್ದು ಇದೇ ಊರಿನಲ್ಲಿ, 1964ರಲ್ಲಿ. ನನ್ನ ಆಫೀಸಿನಲ್ಲಿ ಐವತ್ತು ದಾಟಿದ ಜರ್ಮನ್ನರ ಹತ್ತಿರ ವಾರ್‌ಲಾಕ್ ಅಂದ್ರೆ ಸಾಕು, ಮುಖ ಅರಳುತ್ತೆ. ಆದರೆ ಅವರು ಮಾತಾಡೋದು ‘ಬರ್ನಿಂಗ್ ದ ವಿಚಸ್’, ಎರಡನೇ ಆಲ್ಬಮ್ ‘ಹೆಲ್‌ಬೌಂಡ್’ ಬಗ್ಗೆ. ‘ಟ್ರಯಂಫ್’ ಅಂದ ತಕ್ಷಣ ಒಬ್ಬರು “ಅದು ಅಮೆರಿಕನ್ ಆಯ್ತು” ಅಂತ ಕೈ ಝಾಡಿಸಿದ್ರು. ಆಮೇಲೆ ಅದೇ ಮನುಷ್ಯ ಆಫೀಸ್ ಪಾರ್ಟಿಯಲ್ಲಿ ಎರಡು ಬಿಯರ್ ಇಳಿಸಿ ಅದೇ ಆಲ್ಬಮ್ಮಿನ ಜರ್ಮನ್ ಹಾಡು ‘ಫ್ಯೂರ್ ಇಮ್ಮರ್’ ಪೂರ್ತಿ ಹಾಡಿ ಕಣ್ಣೊರೆಸಿಕೊಂಡ.

ಒಂದು ವಿಷಯ ಸೇರಿಸ್ತೀನಿ. ಡೋರೊ ಹದಿನಾರರ ಹೊತ್ತಿಗೆ ಕ್ಷಯ ಬಂದು ಸಾಯೋ ಸ್ಥಿತಿಗೆ ಹೋಗಿದ್ದಳು. ಬದುಕಿದರೆ ಹಾಡೋದೇ ಅಂತ ಆಸ್ಪತ್ರೆಯಲ್ಲೇ ನಿರ್ಧಾರ ಮಾಡಿದೆ ಅಂತ ಅವಳೇ ಸಂದರ್ಶನಗಳಲ್ಲಿ ಹೇಳಿದ್ದಾಳೆ. ಓದಿದ್ದು ಗ್ರಾಫಿಕ್ ಡಿಸೈನ್. ಆ ಶ್ವಾಸಕೋಶದಿಂದ ಬರೋ ಕೂಗು ಕೇಳಿ ಒಮ್ಮೆ.

ಅಕ್ಕನ ಆ್ಯಂಪ್
ಎಲ್ಲರೂ ‘ಡೋರೊ ಅವಳು’, ‘ಹೇಳಿದ್ದಾಳೆ’, ‘ಒಬ್ಬಳದ್ದಾ’. ಆಕೆಗೆ ಅರವತ್ತು ದಾಟಿದೆ ಸ್ವಾಮಿ.

ಡಬಲ್ ಬೇಸ್ ದೊಡ್ಡಯ್ಯ
ಅಕ್ಕಾ, ಬ್ರೂಸ್ ಡಿಕಿನ್ಸನ್‌ಗೂ ಅವನು ಅಂತೀವಿ, ಓಝಿಗೂ ಅವನು ಅಂತಿದ್ವಿ. ಮೆಟಲ್‌ನಲ್ಲಿ ಬಹುವಚನ ಇಲ್ಲ. ಪ್ರೀತಿ ಇದ್ದ ಕಡೆ ಏಕವಚನ.

ಅಕ್ಕನ ಆ್ಯಂಪ್
ಅದನ್ನ ಒಪ್ತೀನಿ. ಆದರೆ ಮೇಲಿನ ಶೀರ್ಷಿಕೆ ನೋಡಿ. ಹಾಡುಗಾರ ರಾನಿ ಜೇಮ್ಸ್ ಡಿಯೋ ಬ್ಯಾಂಡಿನಲ್ಲಿ ಎಷ್ಟು ಜನ ಬಂದು ಹೋದರು, ‘ಒಬ್ಬನದ್ದಾ’ ಅಂತ ಯಾರೂ ಥ್ರೆಡ್ ತೆಗೆಯಲ್ಲ. ಗಂಡಸು ಬ್ಯಾಂಡ್ ನಡೆಸಿದರೆ ಅವನು ನಾಯಕ. ಹೆಂಗಸು ನಡೆಸಿದರೆ ‘ಉಳಿದವರೆಲ್ಲ ಎಲ್ಲಿ ಹೋದರು?’

ಕಬ್ಬಿಣದ ಕಡಲೆ
ಡಿಯೋ ತನ್ನ ಹೆಸರನ್ನೇ ಬ್ಯಾಂಡಿಗೆ ಇಟ್ಟಿದ್ದಲ್ವಾ ಅಕ್ಕಾ? ನಾನು ಕೇಳ್ತಿರೋದೂ ಅದೇ, ಇಲ್ಲೂ ಡೋರೊ ಅಂತಲೇ ಹಾಕಿದ್ರೆ ಸರಿಯಿತ್ತು ಅಂತ. ಆದರೂ ನಿಮ್ಮ ಮಾತು ನಾಟಿತು. ಶೀರ್ಷಿಕೆ ಬದಲಿಸೋಕೆ ಆಗ್ತಿಲ್ಲ ಇಲ್ಲಿ.

ಕುಡ್ಲದ ಕ್ರಂಚ್
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ ಮಾರಾಯ್ರೆ. ಈ ‘ಫೀಮೇಲ್ ಫ್ರಂಟೆಡ್ ಮೆಟಲ್’ ಅಂತ ಒಂದು ಡಬ್ಬಿ ಮಾಡಿ ಇಟ್ಟಿದ್ದಾರಲ್ಲ, ಅದರೊಳಗೆ ವಾರ್‌ಲಾಕ್ ಉಂಟು, ನೈಟ್‌ವಿಶ್ ಉಂಟು, ಆರ್ಚ್ ಎನಿಮಿ ಉಂಟು. ಎಂತ ಸಂಬಂಧ ಒಂದಕ್ಕೊಂದು? ನಮ್ಮಲ್ಲಿ ಲೀಲಾವತಿ ಬೈಪಾಡಿತ್ತಾಯರು ತೆಂಕುತಿಟ್ಟಿನಲ್ಲಿ ಭಾಗವತಿಕೆ ಮಾಡಿದರು, ಮೇಳದ ತಿರುಗಾಟಕ್ಕೆ ಹೋದ ಮೊದಲ ಮಹಿಳಾ ಭಾಗವತರು ಅವರೇ. ಜನ ಆಟಕ್ಕೆ ಹೋದದ್ದು ಪದ ಕೇಳಲಿಕ್ಕೆ. ‘ಹೆಣ್ಣು ಮುಂದಿರುವ ಯಕ್ಷಗಾನ’ ಅಂತ ಒಂದು ಮೂರನೇ ತಿಟ್ಟು ಯಾರೂ ಮಾಡ್ಲಿಲ್ಲ.

ಡಬಲ್ ಬೇಸ್ ದೊಡ್ಡಯ್ಯ
ಕುಡ್ಲದವರು ಯಾವ ಥ್ರೆಡ್‌ಗೆ ಬಂದ್ರೂ ಐದನೇ ನಿಮಿಷಕ್ಕೆ ಯಕ್ಷಗಾನ ಬರುತ್ತೆ.

ಕುಡ್ಲದ ಕ್ರಂಚ್
ಚೆಂಡೆಗಿಂತ ದೊಡ್ಡ ಡಬಲ್ ಬೇಸ್ ಡ್ರಮ್ ಉಂಟಾ ನಿಮ್ಮಲ್ಲಿ? ಇದ್ರೆ ಹೇಳಿ.

ಹುಬ್ಬಳ್ಳಿ ಹೆಡ್‌ಬ್ಯಾಂಗರ್
ಹಂಗಾದ್ರ ನಮ್ಮ ಗಂಗೂಬಾಯಿ ಹಾನಗಲ್ ಅವರನ್ನೂ ತರ್ತೀನಿ ನಾನು. ಗಂಟಲ ಆಪರೇಶನ್ ಆದಮ್ಯಾಲ ದನಿ ಗಡಸಾತು, ರೇಡಿಯೋದಾಗ ಕೇಳಿದವರು ಗಂಡಸು ಹಾಡಾಕತ್ತಾನ ಅಂತ ತಿಳೀತಿದ್ರು. ಆದ್ರ ಆ ದನಿಯಾಗ ಒಂದು ಸುರ ಹಚ್ಚಿದ್ರ ಎದಿ ನಡಗ್ತಿತ್ತು. ಡೋರೊ ದನಿಯಾಗ ಅಂಥಾ ಖರಖರ ಐತಿ. ‘ಐ ರೂಲ್ ದ ರುಯಿನ್ಸ್’ ಕೇಳ್ರಿ. ಮೊದಲ ಸಮಾಧಾನದಿಂದ ಸುರು ಮಾಡಿ, ಆಮ್ಯಾಲ ಒಮ್ಮೆಲೇ ಮ್ಯಾಲ ಏರಿ ಕೂಗ್ತಾರ ನೋಡ್ರಿ. ನಮ್ಮವ್ವ ಅಡಗಿ ಮನಿಯಿಂದ ಬಂದು “ಯಾರಿಗೇನಾತೋ?” ಅಂದಿದ್ರು.

ನಂಗ ಈ ಆಲ್ಬಮ್‌ದಾಗ ‘ಆಲ್ ವಿ ಆರ್’ಗಿಂತ ಇದ ಛಲೋ. ‘ಆಲ್ ವಿ ಆರ್’ ಅಂದ್ರ ಗಣಪತಿ ಹಬ್ಬದ ಘೋಷಣಾ ಇದ್ದಂಗ. ಎಲ್ಲಾರೂ ಕೈ ಎತ್ತಿ ಕೂಗಾಕ ಬೇಕು, ಒಬ್ಬನ ಕುಂತು ಕೇಳೂ ಹಾಡಲ್ಲ ಅದು.

ಥ್ರ್ಯಾಶ್ ತಮ್ಮಣ್ಣ
‘ಆಲ್ ವಿ ಆರ್’ ಬಗ್ಗೆ ಸರಿಯಾಗಿ ಹೇಳಿದ್ರಿ. ಅದರ ರಿಫ್, ಅಂದ್ರೆ ಮತ್ತೆಮತ್ತೆ ಬರೋ ಗಿಟಾರ್ ತುಣುಕು, ಮಕ್ಕಳ ಪಾಠ, ಗಿಟಾರ್ ಕಲಿಯೋಕೆ ಶುರು ಮಾಡಿದ ತಿಂಗಳಲ್ಲಿ ನುಡಿಸಬಹುದು. ಆದರೆ ಕೋರಸ್ ಬಂದಾಗ ಅಷ್ಟೂ ಗಂಡು ದನಿ ಒಟ್ಟಿಗೆ ಕೂಗಿ, ಅದರ ಮೇಲೆ ಡೋರೊ ದನಿ ತೇಲುತ್ತಲ್ಲ, ಅಲ್ಲಿ ಬೇಲಿನ್‌ನ ಕೈಚಳಕ ಇದೆ. ನ್ಯೂಯಾರ್ಕ್ ಸ್ಟುಡಿಯೋದ ದುಡ್ಡು ಕಿವಿಗೆ ಕೇಳುತ್ತೆ. ‘ಹೆಲ್‌ಬೌಂಡ್’ನಲ್ಲಿ ಡ್ರಮ್ಸ್ ತಗಡಿನ ಹಾಗಿದ್ದವು, ಇಲ್ಲಿ ಮನೆ ಅಲ್ಲಾಡುತ್ತೆ.

ದುರ್ಬಲ ಹಾಡು ಅಂದ್ರೆ ‘ಮೇಕ್ ಟೈಮ್ ಫಾರ್ ಲವ್’. 1987ರಲ್ಲಿ ಎಲ್ಲರೂ ಒಂದು ಬ್ಯಾಲಡ್ (ನಿಧಾನದ ಭಾವುಕ ಹಾಡು) ಹಾಕಲೇಬೇಕು ಅನ್ನೋ ಕಂಪನಿ ಕಟ್ಟಳೆ ಇತ್ತೇನೋ.

ಬಾಟ್ಲಿ ಬಸ್ಯಾ
ಇದ್ರಲ್ಲಿರೋ ಟಚ್ ಆಫ್ ಈವಿಲ್ ಹಾಡು ಜೂಡಾಸ್ ಪ್ರೀಸ್ಟ್ ಬ್ಯಾಂಡ್ ಇಂದ ಕದ್ದಿದ್ದು ಅಲ್ವಾ

ಥ್ರ್ಯಾಶ್ ತಮ್ಮಣ್ಣ
ಬಸ್ಯಾ, ಆ ಹೆಸರಿನ ಹಾಡಿರೋ ಪ್ರೀಸ್ಟ್ ಆಲ್ಬಮ್ ‘ಪೇನ್‌ಕಿಲ್ಲರ್’ 1990ರದ್ದು. ಇದು 1987. ಕದಿಯೋಕೆ ಟೈಮ್ ಮಷೀನ್ ಬೇಕು. ಹೆಸರು ಬಿಟ್ಟರೆ ಎರಡಕ್ಕೂ ಸಂಬಂಧ ಇಲ್ಲ.

ಬಾಟ್ಲಿ ಬಸ್ಯಾ
ಹಂಗಾದ್ರೆ ಪ್ರೀಸ್ಟ್ ಕದ್ದಿರ್ಬೇಕು

ಮಲೆನಾಡ ಮಾರ್ಷಲ್
ಹೆಸರಿನ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ. ವಾರ್‌ಲಾಕ್ ಅಂದರೆ ಗಂಡು ಮಾಟಗಾರ. ಹಾಡೋಳು ಹೆಣ್ಣು, ಬ್ಯಾಂಡಿನ ಹೆಸರು ಗಂಡು, ಮೊದಲ ಆಲ್ಬಮ್ಮಿನಲ್ಲಿ ಮಾಟಗಾತಿಯರನ್ನ ಸುಡ್ತಾರೆ. ಆಮೇಲೆ ಆ ಹೆಸರಿಗಾಗಿಯೇ ಕೋರ್ಟಿಗೆ ಹೋದರು. ‘ಟ್ರಯಂಫ್’ ಆದಮೇಲೆ ಹಳೇ ಮ್ಯಾನೇಜರ್ ಜೊತೆ ವ್ಯಾಜ್ಯ ಆಗಿ ವಾರ್‌ಲಾಕ್ ಅನ್ನೋ ಹೆಸರೇ ಡೋರೊ ಕೈತಪ್ಪಿತು. 1989ರ ‘ಫೋರ್ಸ್ ಮಜೂರ್’ ಅದಕ್ಕೇ ಡೋರೊ ಹೆಸರಲ್ಲಿ ಬಂದಿದ್ದು. ಹೆಸರಿನ ಹಕ್ಕು ವಾಪಸ್ ಸಿಕ್ಕಿದ್ದು 2011ರಲ್ಲಿ.

ನಮ್ಮೂರ ವಾಲಗದ ಸೆಟ್ಟಿನಲ್ಲೂ ಇದೇ ಕತೆ ಆಗಿತ್ತು. ಅಣ್ಣ ತಮ್ಮ ಪಾಲಾದರು. ನಾದಸ್ವರ ಅಣ್ಣನ ಕಡೆ, ಡೋಲು ತಮ್ಮನ ಕಡೆ, ಬೋರ್ಡು ಮಾತ್ರ ಇಬ್ಬರದ್ದೂ ಒಂದೇ. ಒಂದು ಮದುವೆಗೆ ಇಬ್ಬರೂ ಬಂದಿಳಿದರು. ಹೆಣ್ಣಿನ ಕಡೆಯವರು ಒಬ್ಬರಿಗೆ ಅಡ್ವಾನ್ಸ್ ಕೊಟ್ಟಿದ್ದರು, ಗಂಡಿನ ಕಡೆಯವರು ಇನ್ನೊಬ್ಬರಿಗೆ. ಮುಹೂರ್ತ ಮುಗಿದರೂ ಯಾರು ನಿಜವಾದ ಸೆಟ್ಟು ಅಂತ ತೀರ್ಮಾನ ಆಗಲಿಲ್ಲ. ಎರಡೂ ಕಡೆ ಊಟ ಮಾಡಿ ಹೋದರು.

ಡಬಲ್ ಬೇಸ್ ದೊಡ್ಡಯ್ಯ
ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? 1987ರಲ್ಲಿ ಅದು ಡೋರೊ ಸೋಲೋ ಆಗಿದ್ರೆ ಆ ಹೆಸರಿಗೆ ಕೋರ್ಟ್ ಮೆಟ್ಟಿಲು ಯಾಕೆ ಹತ್ತಬೇಕಿತ್ತು? ಆಕೆಗೇ ಅದು ಬ್ಯಾಂಡ್ ಅನ್ನಿಸಿತ್ತು. ಹೆಸರು ಹೋದಾಗ ಹೊಟ್ಟೆ ಉರೀತು.

ಕಬ್ಬಿಣದ ಕಡಲೆ
ಅಥವಾ ಆ ಹೆಸರಿನಲ್ಲಿ ಟಿಕೆಟ್ ಮಾರಾಟ ಆಗ್ತಿತ್ತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಈ ಆಲ್ಬಮ್ 80ನೇ ಸ್ಥಾನದವರೆಗೆ ಹೋಗಿತ್ತು. ಗೆದ್ದೆತ್ತಿನ ಬಾಲ ಎಲ್ಲರಿಗೂ ಬೇಕು.

ರೈನ್ ತೀರದ ರಂಗ
ಇಲ್ಲ ಕಡಲೆ, ಅದಕ್ಕಿಂತ ಹೆಚ್ಚಿನದ್ದಿದೆ. ಪ್ರವಾಸ ಮುಗಿಯೋ ಹೊತ್ತಿಗೆ ಒಯ್ರಿಶ್, ಅರ್ವಾನಿಟಿಸ್ ಇಬ್ಬರೂ ಹೊರಟರು. ಡ್ಯೂಸೆಲ್‌ಡಾರ್ಫ್‌ನಲ್ಲಿ ಶುರುವಾದ ಬ್ಯಾಂಡಿನಲ್ಲಿ ಜರ್ಮನ್ ಅಂತ ಉಳಿದಿದ್ದು ಡೋರೊ ಒಬ್ಬಳೇ... ಒಬ್ಬರೇ (ಅಕ್ಕಾ, ಸರಿನಾ?). ನ್ಯೂಯಾರ್ಕಿಗೆ ಪ್ರಚಾರಕ್ಕೆ ಅಂತ ಹೋದವರು ಅಲ್ಲೇ ಉಳಿದುಬಿಟ್ಟರು. ಊರು ಬಿಟ್ಟು, ಭಾಷೆ ಬಿಟ್ಟು, ಹಳೇ ಗೆಳೆಯರೂ ಇಲ್ಲದೆ, ಕೈಯಲ್ಲಿ ಇದ್ದಿದ್ದು ಆ ಹೆಸರೊಂದೇ. ಪರದೇಶದಲ್ಲಿ ಕೂತವನಿಗೆ ಅದು ಸ್ವಲ್ಪ ಅರ್ಥ ಆಗುತ್ತೆ. ಆ ಅಮೆರಿಕನ್ ಆಲ್ಬಮ್ಮಿನ ಕೊನೇ ಹಾಡು ಜರ್ಮನ್ನಿನಲ್ಲಿದೆ ಅನ್ನೋದನ್ನ ಮರೀಬೇಡಿ.

ಅಕ್ಕನ ಆ್ಯಂಪ್
ಸರಿ ರಂಗ :) ಚೆನ್ನಾಗಿ ಹೇಳಿದ್ರಿ.

ಅರಮನೆ ಮೈದಾನ 2007
‘ಅಲ್ಪಾಯುಷಿ ಬ್ಯಾಂಡುಗಳು’ ವಿಭಾಗದಲ್ಲಿ ಈ ಥ್ರೆಡ್ ಯಾಕಿದೆ? ವಾರ್‌ಲಾಕ್ 1982ರಿಂದ ಏಳು ವರ್ಷ ಬಾಳಿದೆ. ಬೆಂಗಳೂರು ಬ್ಯಾಂಡುಗಳ ಲೆಕ್ಕದಲ್ಲಿ ಅದು ಶತಾಯುಷಿ. ಕ್ರಿಪ್ಟೋಸ್ ಥರ 1998ರಿಂದ ಎಳೆದುಕೊಂಡು ಬಂದವರು ಎಷ್ಟು ಜನ? ನಮ್ಮ ಕಾಲೇಜ್ ಬ್ಯಾಂಡ್ ಎರಡು ಶೋ, ಒಂದು ಜಗಳ, ಮುಗೀತು.

ಥ್ರ್ಯಾಶ್ ತಮ್ಮಣ್ಣ
ನಿಜವಾದ ಅಲ್ಪಾಯುಷಿ ಬೇಕಾ? ಡೆಟಾಂಟ್. ಲಾಸ್ ಏಂಜಲೀಸ್. ‘ರೆಕಗ್ನೈಸ್ ನೋ ಅಥಾರಿಟಿ’, 1986. ಡಾನ್ ಕ್ರಾಸ್ಬಿ ಅನ್ನೋ ಹಾಡುಗಾರ್ತಿ ಹಾಡಿರೋ ಒಂದೇ ಒಂದು ಡೆಟಾಂಟ್ ಆಲ್ಬಮ್ ಅದು. ಡೋರೊ ದನಿಯಲ್ಲಿ ಎಷ್ಟೇ ಖರಖರ ಇದ್ದರೂ ಕೆಳಗೆ ಒಂದು ರಾಗ ಇರುತ್ತೆ. ಕ್ರಾಸ್ಬಿ ಹಾಡೋದು ಯಾರದೋ ಕಾಲರ್ ಹಿಡಿದು ಬೈದ ಹಾಗೆ. ಅದರಲ್ಲಿ ಗಿಟಾರ್ ನುಡಿಸಿದ ಒಬ್ಬ ಹುಡುಗ ಯಾರು ಗೊತ್ತಾ? ರಾಸ್ ರಾಬಿನ್ಸನ್. ಮುಂದೆ ಕಾರ್ನ್, ಸ್ಲಿಪ್‌ನಾಟ್ ಬ್ಯಾಂಡುಗಳ ಮೊದಲ ಆಲ್ಬಮ್‌ಗಳನ್ನ, ಸೆಪಲ್ಚುರಾದ ‘ರೂಟ್ಸ್’ ನಿರ್ಮಾಣ ಮಾಡಿದನಲ್ಲ, ಅವನೇ.

ಕ್ರಾಸ್ಬಿ ಆಮೇಲೆ ಫಿಯರ್ ಆಫ್ ಗಾಡ್ ಅಂತ ಬ್ಯಾಂಡ್ ಮಾಡಿ 1991ರಲ್ಲಿ ‘ವಿದಿನ್ ದ ವೇಲ್’ ತಂದಳು. ದೊಡ್ಡ ಕಂಪನಿ, ವಾರ್ನರ್. ಆ ಆಲ್ಬಮ್ ರಾತ್ರಿ ಒಬ್ಬನೇ ಇರುವಾಗ ಕೇಳಬೇಡಿ. 1996ರಲ್ಲಿ ತೀರಿಕೊಂಡಳು. ಡೋರೊಗೆ ಸಿಕ್ಕ ಎರಡನೇ ಆಯಸ್ಸು ಇವಳಿಗೆ ಸಿಗಲಿಲ್ಲ.

ಕುಡ್ಲದ ಕ್ರಂಚ್
ಬೆಲ್ಜಿಯಂನ ಆ್ಯಸಿಡ್ ಬ್ಯಾಂಡ್ ಕೂಡ ಸೇರಿಸಿ. 1983ರಲ್ಲಿ ಎರಡು, 1985ರಲ್ಲಿ ಒಂದು ಆಲ್ಬಮ್, ಮತ್ತೆ ಬಾಗಿಲು ಹಾಕಿದರು. ಹಾಡುವವರ ಹೆಸರು ಕೇಟ್. ‘ಮೇನಿಯಾಕ್’ ಕೇಳಿದರೆ ಮೋಟರ್‌ಹೆಡ್‌ನ ತಂಗಿಯ ಹಾಗೆ ಉಂಟು.

ಅರಮನೆ ಮೈದಾನ 2007
ತಂಗಿ, ಮಗಳು ಅಂದಾಗ ನೆನಪಾಯ್ತು. 2007ರ ಮಾರ್ಚ್ 17, ಅರಮನೆ ಮೈದಾನ, ಐರನ್ ಮೇಡನ್. ಅವರಿಗಿಂತ ಮೊದಲು ದಿಲ್ಲಿಯ ಪರಿಕ್ರಮ ಬ್ಯಾಂಡ್, ಲಾರೆನ್ ಹ್ಯಾರಿಸ್ ನುಡಿಸಿದ್ರು. ಲಾರೆನ್ ಅಂದ್ರೆ ಸ್ಟೀವ್ ಹ್ಯಾರಿಸ್ ಮಗಳು. ನನ್ನ ಸುತ್ತ ಇದ್ದವರೆಲ್ಲ “ಮೇಡನ್! ಮೇಡನ್!” ಅಂತ ಕೂಗ್ತಿದ್ರು, ಆ ಹುಡುಗಿ ಪಾಪ ನಗುನಗುತ್ತಾ ಪೂರ್ತಿ ಸೆಟ್ ಹಾಡಿ ಮುಗಿಸಿದ್ಲು. ನಾನೂ ಕೂಗಿದ್ದೆ. ಆಮೇಲೆ 2008ರಲ್ಲಿ ಅವಳ ‘ಕಾಮ್ ಬಿಫೋರ್ ದ ಸ್ಟಾರ್ಮ್’ ಬಂತು, ಆ ಹೆಸರಲ್ಲಿ ಅದೊಂದೇ ಆಲ್ಬಮ್. ಆಮೇಲೆ ಕೇಳಿದಾಗ ಅನ್ನಿಸ್ತು, ಆವತ್ತು ಒಂದು ಚಪ್ಪಾಳೆ ತಟ್ಟಬಹುದಿತ್ತು.

ಡಬಲ್ ಬೇಸ್ ದೊಡ್ಡಯ್ಯ
ಆ ದಿನ ಗೇಟ್ ಹತ್ರ ನನ್ನ ಚಪ್ಪಲಿ ಕಿತ್ತೋಗಿ ಬರಿಗಾಲಲ್ಲಿ ನಿಂತು ನೋಡಿದ್ದು. ಲಾರೆನ್ ಹಾಡಿದ್ದು ಒಂದೂ ನೆನಪಿಲ್ಲ, ಧೂಳು ನೆನಪಿದೆ.

ಬಾಟ್ಲಿ ಬಸ್ಯಾ
ವಾರ್‌ಲಾಕ್ ಇಂಗ್ಲೆಂಡಿನ ಡಾನಿಂಗ್ಟನ್ ರಾಕ್ ಹಬ್ಬದಲ್ಲಿ ಮೆಟಾಲಿಕಾ ಜೊತೆ ಆಡಿದ್ರಲ್ವಾ

ಥ್ರ್ಯಾಶ್ ತಮ್ಮಣ್ಣ
ಬಸ್ಯಾ, ಒಂದು ವರ್ಷ ಹಿಂದೆಮುಂದೆ. ಡಾನಿಂಗ್ಟನ್‌ನಲ್ಲಿ ಮೆಟಾಲಿಕಾ 1985. ವಾರ್‌ಲಾಕ್ 1986ರ ಆಗಸ್ಟ್ 16. ಆವತ್ತು ಓಝಿ, ಸ್ಕಾರ್ಪಿಯನ್ಸ್, ಡೆಫ್ ಲೆಪರ್ಡ್, ಮೋಟರ್‌ಹೆಡ್, ಬ್ಯಾಡ್ ನ್ಯೂಸ್, ಎಲ್ಲರಿಗಿಂತ ಮೊದಲು ವಾರ್‌ಲಾಕ್. ಆ ಹಬ್ಬದ ಹೆಸರು ಮಾನ್ಸ್ಟರ್ಸ್ ಆಫ್ ರಾಕ್, ಅದರ ವೇದಿಕೆಯಲ್ಲಿ ಒಂದು ಬ್ಯಾಂಡಿನ ಮುಂದೆ ನಿಂತು ಹಾಡಿದ ಮೊದಲ ಹೆಂಗಸು ಡೋರೊ. ಡೆಫ್ ಲೆಪರ್ಡ್‌ನ ರಿಕ್ ಆಲನ್ ಅಪಘಾತದಲ್ಲಿ ಕೈ ಕಳಕೊಂಡಮೇಲೆ ಒಂದೇ ಕೈಯಲ್ಲಿ ಡ್ರಮ್ಸ್ ಬಾರಿಸಿ ಜನರನ್ನ ಅಳಿಸಿದ್ದೂ ಅದೇ ಮೈದಾನ, ಅದೇ ದಿನ.

ಹುಬ್ಬಳ್ಳಿ ಹೆಡ್‌ಬ್ಯಾಂಗರ್
ಬಸ್ಯಾ ತಪ್ಪು ಹೇಳ್ಲಿಲ್ಲಂದ್ರ ತಮ್ಮಣ್ಣ ಇಷ್ಟು ಚಂದ ಬರೀತಿದ್ದಿಲ್ಲ. ಬಸ್ಯಾಗ ಒಂದು ನಮಸ್ಕಾರ.

ಮಲೆನಾಡ ಮಾರ್ಷಲ್
ಕಡಲೆ ಅವರ ಮೂಲ ಪ್ರಶ್ನೆಗೆ ಬರ್ತೇನೆ. ಸೋಲೋ ಅಂತ ಕರೆಯಬೇಕಾದ ಆಲ್ಬಮ್ 1990ರದ್ದು, ಅದರ ಹೆಸರೇ ‘ಡೋರೊ’. ನಿರ್ಮಾಪಕ ಕಿಸ್ ಬ್ಯಾಂಡಿನ ಜೀನ್ ಸಿಮನ್ಸ್. ಎರಡನ್ನೂ ಬೆನ್ನುಬೆನ್ನಿಗೆ ಹಾಕಿ ಕೇಳಿ. 1990ರದ್ದರಲ್ಲಿ ಹಾಡುಗಾರ್ತಿ ಮುಂದೆ, ಉಳಿದವರು ಪರದೆ ಹಿಂದೆ. ‘ಟ್ರಯಂಫ್’ನಲ್ಲಿ ಹಾಗಿಲ್ಲ, ಬೋಲನ್ ಗಿಟಾರ್ ದನಿಯ ಜೊತೆ ಜಗಳಕ್ಕೇ ನಿಂತಿರುತ್ತೆ. ‘ಈಸ್ಟ್ ಮೀಟ್ಸ್ ವೆಸ್ಟ್’ ಸಾಕು ಉದಾಹರಣೆಗೆ. ಬಾಡಿಗೆಗೆ ಬಂದವನು ಹಾಗೆ ನುಡಿಸಲ್ಲ. 2017ರಲ್ಲಿ ಸ್ವೀಡನ್ ರಾಕ್ ಹಬ್ಬದಲ್ಲಿ ಇಡೀ ಆಲ್ಬಮ್ ಮತ್ತೆ ನುಡಿಸುವಾಗ ಡೋರೊ ಕರೆಸಿದ್ದು ಇದೇ ಬೋಲನ್‌ನ. 2021ರಲ್ಲಿ ಅದರ ಲೈವ್ ಬಂದಿದೆ, ಸಿಕ್ಕರೆ ಕೇಳಿ.

ಕಬ್ಬಿಣದ ಕಡಲೆ
ಬೋಲನ್ ಮಾತು ಒಪ್ಪಿದೆ. ಅರ್ಧ ಸೋತೆ ಅಂತ ಬರ್ಕೊಳ್ಳಿ. ಹಾಡು ಬರೆದಿದ್ದರ ಬಗ್ಗೆ ಇನ್ನೂ ಸೋತಿಲ್ಲ.

ಒಂದು ಗುಟ್ಟು ಹೇಳ್ತೀನಿ, ನಗಬೇಡಿ. ರಂಗ ಅವರು ‘ಫ್ಯೂರ್ ಇಮ್ಮರ್’ ಅಂದ್ರಲ್ಲ, ಆ ಹಾಡನ್ನ ನಾನು ಮೊದಲ ಸಲ ಕೇಳಿದ್ದೇ 2006ರಲ್ಲಿ, ಸೈಬರ್ ಕೆಫೆಯಲ್ಲಿ. ನನ್ನ ಕ್ಯಾಸೆಟ್ಟಿನಲ್ಲಿ ಅದರ ಮೇಲೆ ಅಮ್ಮ ಆಕಾಶವಾಣಿಯ ಭಾವಗೀತೆ ರೆಕಾರ್ಡ್ ಮಾಡಿದ್ರು. ‘ಕೋಲ್ಡ್ ಕೋಲ್ಡ್ ವರ್ಲ್ಡ್’ ಮುಗಿದು ಟಕ್ ಅಂತ ಒಂದು ಸದ್ದು, ಆಮೇಲೆ ಹಾರ್ಮೋನಿಯಂ. ಹದಿನೈದು ವರ್ಷಕ್ಕೂ ಮೇಲೆ ನನ್ನ ಪಾಲಿಗೆ ವಾರ್‌ಲಾಕ್ ಆಲ್ಬಮ್ ಭಾವಗೀತೆಯಲ್ಲೇ ಮುಗೀತಿತ್ತು. ಈಗಲೂ ಮೊಬೈಲ್‌ನಲ್ಲಿ ಆ ಜರ್ಮನ್ ಹಾಡು ಶುರುವಾದರೆ ಏನೋ ತಪ್ಪಿದೆ ಅನ್ಸುತ್ತೆ.

ಅಕ್ಕನ ಆ್ಯಂಪ್
ಅಯ್ಯೋ! ನಿಮ್ಮ ಅಮ್ಮನ ಹೆಸರೂ ಆ ಕಾರ್ಡಿನಲ್ಲಿ ಸೇರಿಸಿ. ಆರನೇ ಸದಸ್ಯೆ.

ರೈನ್ ತೀರದ ರಂಗ
ಆ ಟೇಪ್ ಡಿಜಿಟಲ್ ಮಾಡಿ ಕಳಿಸಿ ಕಡಲೆ. ನಮ್ಮ ಆಫೀಸಿನ ಮನುಷ್ಯನಿಗೆ ಕೇಳಿಸ್ತೀನಿ.

ಕಬ್ಬಿಣದ ಕಡಲೆ
ಮಾಡೋಣ ಅಂತಲೇ ಹಳೇ ಡೆಕ್ ಕೆಳಗಿಳಿಸಿದೆ. ಆನ್ ಆಗುತ್ತೆ, ದೀಪ ಉರಿಯುತ್ತೆ, ಪ್ಲೇ ಒತ್ತಿದರೆ ಮೋಟರ್ ಸದ್ದು ಮಾತ್ರ, ಚಕ್ರ ತಿರುಗಲ್ಲ. ಬೆಲ್ಟ್ ಹೋಗಿದೆ ಅನ್ಸುತ್ತೆ. ಬೆಂಗಳೂರಲ್ಲಿ ಈಗ ಯಾರಾದ್ರೂ ರಿಪೇರಿ ಮಾಡ್ತಾರಾ?

ಬಾಟ್ಲಿ ಬಸ್ಯಾ
ಎಸ್.ಪಿ. ರೋಡಲ್ಲಿ ಕೇಳಿ ಸಿಗುತ್ತೆ. ಹಳೇ ಬೆಲ್ಟ್ ಬಿಸಾಕ್ಬೇಡಿ, ಅಳತೆಗೆ ಜೊತೇಲಿ ತಗೊಂಡೋಗಿ. ಕರಗಿ ಅಂಟಾಗಿದ್ರೆ ದಾರದಲ್ಲಿ ಸುತ್ತಳತೆ ತಗೊಳ್ಳಿ. ಅಂಟು ಸ್ಪಿರಿಟ್ ಹಾಕಿ ಒರೆಸಿ, ಇಲ್ಲಾಂದ್ರೆ ಹೊಸ ಬೆಲ್ಟೂ ಜಾರುತ್ತೆ.

ಥ್ರ್ಯಾಶ್ ತಮ್ಮಣ್ಣ
ಬಸ್ಯಾ ಹೇಳಿದ್ದರಲ್ಲಿ ತಿದ್ದೋಕೆ ಏನೂ ಇಲ್ಲ. ಇದೇ ಮೊದಲು.